ಮೆಟ್ಟಿಲ ಮೇಲಿನ ಚೌಕಾಸಿ

"ಹಿಡ್ಕೊಳ್ಳಿ, ಹಿಡ್ಕೊಳ್ಳಿ, ಆ ಕಡೆ ತಿರುಗಿಸಿ, ಅಯ್ಯೋ ನನ್ ಕಾಲು!" ಎಂದು ಟೆಂಪೋದವನು ಕೆಳಗಿನಿಂದ ಅರಚಿದ.

ಕ್ಷೌರದ ಕುರ್ಚಿ ಮೂರನೆಯ ಮಹಡಿಗೂ ಎರಡನೆಯದಕ್ಕೂ ನಡುವಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದರ ಕಬ್ಬಿಣದ ಅಡಿ ಟೆಂಪೋದವನ ಎದೆಗೆ, ಒಂದು ಕೈ ಕೊಳ್ಳಲು ಬಂದ ಪುಟ್ಟಿಯ ಹೊಟ್ಟೆಗೆ, ತಲೆದಿಂಬು ಅದನ್ನು ಮಾರುತ್ತಿದ್ದ ಮುದುಕ ಕ್ಷೌರಿಕನ ಗದ್ದಕ್ಕೆ ಒತ್ತಿಕೊಂಡಿದ್ದವು. ನಾಲ್ಕು ಮೆಟ್ಟಿಲು ಮೇಲೆ, ತನ್ನ ಕೈಚೀಲ ಬಿಟ್ಟು ಬೇರೇನನ್ನೂ ಹೊರದೆ ನಿಂತಿದ್ದ ಪುಟ್ಟಿಯ ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು.

"ಅದ್ಸರಿ ಯಜಮಾನ್ರೇ, ಕೊನೆಗೆ ಎಷ್ಟಕ್ಕೆ ಕೊಡ್ತೀರಿ?"

ಪುಟ್ಟಿ ಬೇಡ ಬೇಡವೆಂದು ತಲೆಯಾಡಿಸಿದಳು.

ಬೆಲೆ ಆಗಿಹೋಗಿತ್ತು. ಎರಡೂವರೆ ದಿನ ಮೆಸೇಜಿನಲ್ಲಿ ಜಗ್ಗಾಡಿ, ಇಪ್ಪತ್ತೆರಡರಿಂದ ಹದಿನೆಂಟು ಸಾವಿರಕ್ಕೆ ಇಳಿದು, ಪುಟ್ಟಿಯೂ ಮುದುಕನೂ ಹೆಬ್ಬೆರಳು ಎತ್ತಿ ಮುಗಿಸಿದ್ದರು. ಮುದುಕ ಒಳ್ಳೆಯವನು, ಆದರೆ ಕೈ ಸುಟ್ಟುಕೊಂಡವನು. ಪುಟ್ಟಿಗಿಂತ ಮೊದಲು ಅವನಿಗೆ ಮೆಸೇಜು ಹಾಕಿದವರಲ್ಲಿ ಹನ್ನೊಂದು ಜನ 'ಇದೆಯಾ?' ಎಂದು ಕೇಳಿ, 'ಇದೆ' ಎಂದ ಕೂಡಲೇ ಭೂಮಿಯೊಳಗೆ ಇಳಿದುಹೋಗಿದ್ದರು. ಒಬ್ಬ ಕುರ್ಚಿಗೆ ಬದಲು ಮೀನಿನ ತೊಟ್ಟಿ ಕೊಡುತ್ತೇನೆಂದಿದ್ದ, ಮೀನು ಬೇರೆ ಲೆಕ್ಕ. ಇನ್ನೊಬ್ಬ, ಕಾಲಿಡುವ ಹಲಗೆಯನ್ನು ಮಾತ್ರ ಬಿಚ್ಚಿ ಕೊಡುತ್ತೀರಾ ಎಂದಿದ್ದ. ಎಂಟು ಸಾವಿರಕ್ಕೆ ಕೇಳಿ, ಆಗಲ್ಲ ಎಂದದ್ದಕ್ಕೆ ಮುದುಕನ ವಯಸ್ಸನ್ನೂ ಲೆಕ್ಕಿಸದೆ ಬೈದವನೂ ಇದ್ದ. ಮತ್ತೆ ಮೂವರು ಮನೆಗೇ ಬಂದು, ಸೋಫಾದಲ್ಲಿ ಕೂತು, ನೀರು ಕುಡಿದು, ಒಪ್ಪಿದ ಬೆಲೆಯನ್ನು ಮತ್ತೆ ಕೆದಕಿದ್ದರು. ಆಮೇಲೆಯೇ ಮುದುಕ ತನ್ನ ಜಾಹೀರಾತಿನ ಕೊನೆಗೆ ಒಂದು ಸಾಲು ಸೇರಿಸಿದ್ದು: 'ಬೆಲೆ ಮೆಸೇಜಿನಲ್ಲೇ ಮಾತಾಡಿ. ಮನೆಗೆ ಬಂದಮೇಲೆ ಎಷ್ಟು ಇಳಿಸಿ ಅನ್ನುತ್ತೀರೋ ಅಷ್ಟು ಏರುತ್ತದೆ.'

ಪುಟ್ಟಿ ಅದನ್ನು ಓದಿದ್ದಳು. ಚಿಕ್ಕಮ್ಮ ಓದಿರಲಿಲ್ಲ. ಜಾಹೀರಾತು ಓದುವುದು ಗೆಲ್ಲಲು ಬರದವರ ಕೆಲಸ ಎಂಬುದು ಅವಳ ಮತ. ಒಪ್ಪಿದ ಬೆಲೆಯೆಂದರೆ ಅವಳಿಗೆ ಆಟ ಶುರುಮಾಡುವ ಸೀಟಿ. ವಸ್ತು ಜಾಗ ಬಿಟ್ಟು ಕದಲಿದ ಮೇಲೆ ಮಾರುವವನ ಮನಸ್ಸೂ ಅದನ್ನು ಬಿಟ್ಟಿರುತ್ತದೆ, ವಾಪಸ್ ಒಳಗಿಡಲು ಅವನ ಸೊಂಟ ಒಪ್ಪುವುದಿಲ್ಲ, ಕೇಳುವ ಹೊತ್ತು ಅದೇ. ಹೀಗೆಯೇ ಒಂದು ಫ್ರಿಜ್ಜನ್ನು ಅರ್ಧ ಲಿಫ್ಟಿನೊಳಗೆ, ಅರ್ಧ ಹೊರಗೆ ಇರುವಾಗ ಎರಡು ಸಾವಿರ ಕಡಿಮೆಗೆ ಹೊಡೆದಿದ್ದಳು. ವಾಷಿಂಗ್ ಮೆಷಿನ್ನಿನ ಪೈಪು ಬಿಚ್ಚಿ, ಮಾರುವವಳ ಮನೆಯ ನೆಲದ ತುಂಬ ನೀರು ಹರಿಯುತ್ತಿರುವಾಗ ಮಾತು ತೆಗೆದದ್ದನ್ನು ಇಡೀ ಬಳಗ ಇವತ್ತಿಗೂ ಹೇಳಿಕೊಂಡು ನಗುತ್ತದೆ.

"ಹದಿನೆಂಟು," ಎಂದ ಮುದುಕ, ತಲೆದಿಂಬಿನ ಹಿಂದಿನಿಂದ.

"ಹದಿನಾರು ಮಾಡಿ. ಸೀಟು ನೋಡಿ, ಹೇಗೆ ಬಿರಿದಿದೆ."

"ಇಪ್ಪತ್ತು."

ಚಿಕ್ಕಮ್ಮ ಅವನನ್ನು ಕನಿಕರದಿಂದ ನೋಡಿದಳು. "ಅಯ್ಯೋ, ಕಿವಿ ಸರಿಯಿಲ್ಲ ಅಂತ ಕಾಣುತ್ತೆ. ನೋಡಿ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ, ಹದಿನೈದು."

"ಇಪ್ಪತ್ತೈದು."

"ಚಿಕ್ಕಮ್ಮ, ಬಾಯ್ಮುಚ್ಚು!" ಎಂದಳು ಪುಟ್ಟಿ.

"ಅಮ್ಮಾ, ನಿಮ್ ವ್ಯಾಪಾರ ಬೇಗ ಮುಗಿಸಿ," ಎಂದ ಟೆಂಪೋದವನು. "ಇದು ಕುರ್ಚಿಯಲ್ಲ, ಎಮ್ಮೆ."

ಕುರ್ಚಿಯನ್ನು ತಿರುವಿನ ಹಾಸಿನ ಮೇಲೆ ಹೇಗೋ ಇಳಿಸಿ ನಿಲ್ಲಿಸಿದರು. ಮುದುಕ ತಕ್ಷಣ ಅದರಲ್ಲೇ ಕೂತುಬಿಟ್ಟ. ನಲವತ್ತು ವರ್ಷ ಅದರ ಹಿಂದೆ ನಿಂತು ಮಂಡಿ ಸವೆಸಿಕೊಂಡು ಅಂಗಡಿ ಮುಚ್ಚಿದವನು. ಕೂತು ಅಭ್ಯಾಸವಿಲ್ಲವೋ ಏನೋ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

ಪುಟ್ಟಿಗೆ ಅಳು ಬರುವಂತಾಯಿತು. ಒಂಬತ್ತು ವರ್ಷ ಇನ್ನೊಬ್ಬಳ ಪಾರ್ಲರಿನಲ್ಲಿ ಕೂದಲು ಕತ್ತರಿಸಿ, ಹೋದ ತಿಂಗಳು ಕೆಲಸ ಬಿಟ್ಟು, ಹತ್ತಡಿ ಅಗಲದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಕನ್ನಡಿ ಕೂರಿಸಿಯಾಗಿತ್ತು, ಬೇಸಿನ್ನಿಗೆ ನೀರು ಬಂದಿತ್ತು. ನಾಳೆ ಹತ್ತು ಗಂಟೆಗೆ ಮೊದಲ ಗಿರಾಕಿ, ಎದುರಿನ ಬ್ಯಾಂಕಿನ ಮ್ಯಾನೇಜರ್ ಮೇಡಂ. ಆಕೆಯನ್ನು ಕೂರಿಸಲು ಪ್ಲಾಸ್ಟಿಕ್ ಸ್ಟೂಲು ಬಿಟ್ಟರೆ ಬೇರೇನಿಲ್ಲ. ಹೊಸ ಕುರ್ಚಿಯ ಬೆಲೆ ಕೇಳಿದರೆ ಇರುವ ಕೂದಲೂ ಉದುರುತ್ತಿತ್ತು. ಅವಳ ಖಾತೆಯಲ್ಲಿ ಇದ್ದದ್ದು ಹದಿನೆಂಟು ಸಾವಿರ, ಮೇಲೆ ಟೆಂಪೋದವನಿಗೆ ಕೊಡುವಷ್ಟು.

ಅವಳು ಚಿಕ್ಕಮ್ಮನ ಕಿವಿಯಲ್ಲಿ ಜಾಹೀರಾತಿನ ಕೊನೆಯ ಸಾಲನ್ನು ಉಸುರಿದಳು. ಚಿಕ್ಕಮ್ಮನ ಮುಖ ಬೆಳಗಿದ್ದು ನೋಡಿ ಪುಟ್ಟಿಗೆ ಇನ್ನಷ್ಟು ಹೆದರಿಕೆಯಾಯಿತು.

"ಯಜಮಾನ್ರೇ," ಎಂದಳು ಚಿಕ್ಕಮ್ಮ, ಬೆಣ್ಣೆಯಂಥ ದನಿಯಲ್ಲಿ. "ಇಂಥ ಕುರ್ಚಿಗೆ ಇಪ್ಪತ್ತೈದು ಏನೇನೂ ಸಾಲದು. ಏಳು ಸಾವಿರ ಏರಿಸಿಬಿಡಿ."

ಇಳಿಸು ಎಂದರೆ ಏರುವುದಾದರೆ ಏರಿಸು ಎಂದರೆ ಇಳಿಯಲೇಬೇಕು. ಇಪ್ಪತ್ತೈದರಲ್ಲಿ ಏಳು ಹೋದರೆ ಹದಿನೆಂಟು. ಅವಳು ಕೈಚೀಲವನ್ನು ಎದೆಗವಚಿಕೊಂಡು, ಬಹುಮಾನಕ್ಕೆ ಹೆಸರು ಕರೆಯುವುದನ್ನು ಕಾಯುವವಳಂತೆ ನಿಂತಳು.

"ಮೂವತ್ತೆರಡು," ಎಂದ ಮುದುಕ. "ಸಂತೋಷ. ದೊಡ್ಡ ಮನಸ್ಸು ನಿಮ್ಮದು."

ಟೆಂಪೋದವನು ನಕ್ಕ ನಗುವಿಗೆ ಎರಡನೆಯ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು.

"ಮೋಸ!" ಎಂದಳು ಚಿಕ್ಕಮ್ಮ. "ಏರಿಸಿ ಅಂದ್ರೆ ಇಳೀಬೇಕು!"

"ಹಾಗಂತ ಎಲ್ಲಿ ಬರೆದಿದೀನಿ, ತೋರಿಸಿ."

ಪುಟ್ಟಿ ಮುದುಕನ ಮುಂದೆ ಬಂದು ನಿಂತಳು. "ಅಂಕಲ್, ಮಾತಾಡಿದ್ದು ನಾನು, ಒಪ್ಪಿದ್ದು ನಾನು, ತಗೊಳ್ತಿರೋದೂ ನಾನು. ನಾನೇನಾದ್ರೂ ಒಂದು ರೂಪಾಯಿ ಇಳಿಸಿ ಅಂದ್ನಾ?"

"ಇಲ್ಲ."

"ಮತ್ತೆ?"

"ಮತ್ತೆ ಇವರ್ಯಾರು?"

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿಬಿಟ್ಟಳು. "ಹೊರೋಕೆ ಬಂದಿರೋರು."

"ಏನಂದೆ?" ಎಂದಳು ಚಿಕ್ಕಮ್ಮ.

ಮುದುಕ ಕುರ್ಚಿಯಲ್ಲೇ ಹಿಂದಕ್ಕೊರಗಿ ಚಿಕ್ಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹೊರೋರು ಆಡಿದ ಮಾತು ನಾನು ಲೆಕ್ಕಕ್ಕೆ ಇಡಲ್ಲ. ಆದರೆ ಹೊತ್ತಿದ್ದು ಕಾಣಲಿಲ್ಲವಲ್ಲ ತಾಯಿ. ಇವರು ಕೆಳಗಿನವರೆಗೆ ಬಾಯಿ ಬಿಡದೆ ಹೊತ್ತರೆ ಹದಿನೆಂಟು. ಇಲ್ಲಾಂದ್ರೆ ಮೂವತ್ತೆರಡು."

ಚಿಕ್ಕಮ್ಮ ಪುಟ್ಟಿಯತ್ತ ನೋಡಿದಳು. ತಮಾಷೆಗೆ ಅಂದೆ ಎನ್ನುತ್ತಾಳೇನೋ ಎಂದು ಕಾದಳು. ಪುಟ್ಟಿ ಬರೀ ನೋಡಿದಳು, ಹಠ ಹಿಡಿದು ಹಿಡಿದು ಸುಸ್ತಾದ ಮಗು ನೋಡುವ ಹಾಗೆ.

ಚಿಕ್ಕಮ್ಮ ಕೈಚೀಲವನ್ನು ತೆಗೆದು ಮುದುಕನ ಕೊರಳಿಗೆ ಹಾಕಿದಳು. "ಏಳಿ ಮೇಲೆ," ಎಂದು ಅವನನ್ನು ಕುರ್ಚಿಯಿಂದ ಎಬ್ಬಿಸಿ, ತಲೆದಿಂಬಿನ ಕಡೆ ಹೋಗಿ, ಬಗ್ಗಿ ಹಿಡಿದಳು.

ನಲವತ್ತೆಂಟು ಮೆಟ್ಟಿಲು. ಮೊದಲ ಆರಕ್ಕೇ ಅವಳ ಹೇರ್‌ಪಿನ್ನು ಜಾರಿತು. ಒಂದನೆಯ ಮಹಡಿಯ ಹತ್ತಿರ ಕುರ್ಚಿಯನ್ನು ಏರಿಸಿ ಇಳಿಸುವ ಪಂಪಿನಿಂದ ಎಣ್ಣೆ ತೊಟ್ಟಿಕ್ಕಿ ಟೆಂಪೋದವನ ಚಪ್ಪಲಿಯ ಮೇಲೆ ಬಿತ್ತು. ಅಂಥ ದೋಷ ಕಣ್ಣೆದುರಿಗೆ ಕಂಡೂ ಸುಮ್ಮನಿರಬೇಕಾಗಿ ಬಂದದ್ದು ಚಿಕ್ಕಮ್ಮನ ಬದುಕಿನಲ್ಲೇ ಮೊದಲು. ಅವಳ ತುಟಿ ಅಲುಗಿತು. ಪುಟ್ಟಿ ಕಣ್ಣು ದೊಡ್ಡದು ಮಾಡಿದಳು. ತುಟಿ ಮುಚ್ಚಿಕೊಂಡಿತು, ಮುಖ ಟೊಮೆಟೊ ಆಯಿತು. ಹಿಂದಿನಿಂದ ಮುದುಕ, ಕೊರಳಲ್ಲಿ ಹೆಂಗಸರ ಕೈಚೀಲ ತೂಗಿಸಿಕೊಂಡು, ಒಂದೊಂದೇ ಮೆಟ್ಟಿಲಿಗೆ ಒಂದೊಂದೇ ಮಂಡಿಯನ್ನು ಒಪ್ಪಿಸುತ್ತಾ ಇಳಿದ.

ರಸ್ತೆಯಲ್ಲಿ ಕುರ್ಚಿ ಟೆಂಪೋ ಏರಿತು. ಟೆಂಪೋದವನು ಹಗ್ಗ ಬಿಗಿದ. ಪುಟ್ಟಿ ಫೋನಿನಲ್ಲಿ ಹದಿನೆಂಟು ಸಾವಿರ ಕಳಿಸಿದಳು, ಮುದುಕನ ಜೇಬಿನಲ್ಲಿ ಟಿಣ್ ಎಂದಿತು. ನಾಳೆ ಹತ್ತು ಗಂಟೆಗೆ ಮೇಡಂ ಎಲ್ಲಿ ಕೂರುತ್ತಾಳೆಂಬುದು ಈಗ ಗೊತ್ತಾಗಿತ್ತು. ಪುಟ್ಟಿಗೆ ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಳ್ಳಬೇಕೆನಿಸಿತು, ಎಣ್ಣೆಯಾದ ಟೆಂಪೋದವನನ್ನೂ ಸೇರಿಸಿ.

ಮುದುಕ ಕೈಚೀಲವನ್ನು ಕೊರಳಿಂದ ತೆಗೆದು ಚಿಕ್ಕಮ್ಮನಿಗೆ ಕೊಟ್ಟ. ಅವಳು ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ಅರ್ಧ ಕೂದಲು ಬಾಯೊಳಗಿತ್ತು. ಅದನ್ನು ನೋಡುತ್ತಾ ನಿಂತ ಮುದುಕನ ಮುಖ ಸ್ವಲ್ಪ ಮೆತ್ತಗಾಯಿತು. ಅಂಗಿಯ ಜೇಬಿನಿಂದ ಐನೂರರ ಎರಡು ನೋಟು ತೆಗೆದು ಮುಂದೆ ಚಾಚಿದ.

"ತಗೊಳ್ಳಿ ಅಮ್ಮಾ. ಪಂಪಿಂದ ಎಣ್ಣೆ ಸೋರುತ್ತೆ, ನಾನೇ ಮೊದಲು ಹೇಳಬೇಕಿತ್ತು. ಬೆಲೆಯಲ್ಲಿ ಒಂದು ಸಾವಿರ ಬಿಟ್ಟೆ ಅಂದ್ಕೊಳ್ಳಿ."

ಪುಟ್ಟಿಯ ಕೈ ತಾನಾಗಿ ಮುಂದೆ ಹೋಯಿತು. ಚಿಕ್ಕಮ್ಮ ಅದರ ಮೇಲೆ ಪಟ್ಟನೆ ಹೊಡೆದಳು.

"ಬೇಡ."

"ಯಾಕ್ರೀ? ನಾನೇ ಇಳಿಸ್ತಿದೀನಿ."

"ಅದಕ್ಕೇ ಬೇಡ. ನಾನು ಕೇಳಿ ಕೇಳಿ ಇಳಿಸಿದ್ದಾದ್ರೆ ಅದು ನನ್ನ ದುಡಿಮೆ. ಇದು ಭಿಕ್ಷೆ." ಅವಳು ಬಾಯೊಳಗಿನ ಕೂದಲನ್ನು ಉಗುಳಿದಳು. "ಒಳಗಿಡ್ರೀ ನಿಮ್ಮ ನೋಟು. ತಗೊಳ್ಳಲ್ಲ."