ಅರ್ಜಿಯ ಎಂಟನೆಯ ಕಾಲಂ

ಬೇಗ ಕಳೆದುಕೊಂಡಿದ್ದೇ ನಮ್ಮ ತಪ್ಪಂತೆ. 1913ರ ಜೂನ್ ಹತ್ತೊಂಬತ್ತರ ನಂತರ ನೆಲ ಕಳೆದುಕೊಂಡವರು ಮಾತ್ರ ವಾಪಸ್ ಕೇಳಬಹುದು ಎಂದು, ಬಿಳಿಯರ ಆಳ್ವಿಕೆ ಮುಗಿದು ಬಂದ ಹೊಸ ಸರ್ಕಾರದ ಕಾನೂನು. ನಮ್ಮ ಗ್ರೀಕ್ವಾ ಜನರ ನೆಲ ಅದಕ್ಕೂ ಮೂವತ್ತು ನಲವತ್ತು ವರ್ಷ ಮೊದಲೇ ಹೋಗಿತ್ತು. ಒಂದಿಷ್ಟು ಬ್ರಿಟಿಷರ ಕೋರ್ಟಿನಲ್ಲಿ ಹೋಯಿತು, ಒಂದಿಷ್ಟು ಬ್ರಾಂದಿ ಕುಡಿಸಿ ಬರೆಸಿಕೊಂಡವರ ಪಾಲಾಯಿತು, ವಜ್ರ ಸಿಕ್ಕಿದ ಮೇಲಂತೂ ಕೇಳುವವರೇ ಇರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತಾರೆ. ಇವರು ಸೂರೆಹೋಗಿದ್ದನ್ನು ಸೂರೆ ಅಂತಲೇ ಒಪ್ಪಲಿಲ್ಲ. ಸ್ವಲ್ಪ ತಡೆದು ದೋಚಿ ಎಂದು ನಮ್ಮ ಮುತ್ತಜ್ಜಂದಿರು ಕಳ್ಳರ ಕಾಲು ಹಿಡಿಯಬೇಕಿತ್ತು.

ಇದನ್ನು ನಮಗೆ ಬಿಡಿಸಿ ಹೇಳಿದವನು ಕಿಂಬರ್ಲಿಯ ಕಚೇರಿಯೊಂದರ ಗುಮಾಸ್ತ ಸೆಯಿಸೊ. ಅವತ್ತು 1998ರ ಡಿಸೆಂಬರ್ ಮೂವತ್ತೊಂದು, ಅರ್ಜಿ ಹಾಕಲು ಕೊನೆಯ ದಿನ. ನಾನೂ ನನ್ನಮ್ಮನ ಅಕ್ಕ, ಡೋರ್ಟಿ ದೊಡ್ಡಮ್ಮನೂ ಗ್ರೀಕ್ವಾಸ್ಟಾಡಿನಿಂದ ಮೊದಲ ಟ್ಯಾಕ್ಸಿ ಹಿಡಿದು ಬಂದಿದ್ದೆವು. ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು. ಚರ್ಚಿಗೆ ಹಾಕುವ ಹಸಿರು ಬಿಳಿ ಟೊಪ್ಪಿಯನ್ನೇ ಹಾಕಿಕೊಂಡಿದ್ದಳು. ಚೀಲದಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಅದರಡಿ ನಮ್ಮ ನಾಯಕನ ಮೊಹರಿದ್ದ 1868ರ ಕಾಗದ. ರೋಯಿಫಾಂಟೇನ್ ಒರತೆ ಮತ್ತು ಸುತ್ತಲಿನ ನೆಲ ಸಾರಾ ಗೋಯಿಮನ್‌ಗೆ ಸೇರಿದ್ದು ಎಂದು ಅದರಲ್ಲಿತ್ತು. ಸಾರಾ ಎಂದರೆ ದೊಡ್ಡಮ್ಮನ ಅಜ್ಜಿ.

ಸಾರಜ್ಜಿಯ ಕೈಯಿಂದ ಆ ನೆಲ 1884ರಲ್ಲಿ ಹೋಯಿತು. ಹೋದ ಮೇಲೂ ಅವಳು ಊರು ಬಿಡಲಿಲ್ಲ. ಹೊಸ ಮಾಲೀಕನ ಕುರಿ ಕಾಯುತ್ತ, ಅವನ ಬಟ್ಟೆ ಒಗೆಯುತ್ತ ತನ್ನದೇ ನೆಲದಲ್ಲಿ ಆಳಾಗಿ ಉಳಿದಳು. ಅವಳ ಮಗಳು, ಅಂದರೆ ದೊಡ್ಡಮ್ಮನ ತಾಯಿ, ಅಲ್ಲೇ ಹುಟ್ಟಿ ಅಲ್ಲೇ ಸತ್ತಳು. ದೊಡ್ಡಮ್ಮನಿಗೆ ಹನ್ನೆರಡಾಗಿದ್ದಾಗ, 1936ರಲ್ಲಿ, ಮನೆಮಂದಿಯನ್ನೆಲ್ಲ ಹೊರಗೆ ಹಾಕಿದರು. ಅಂದಿನಿಂದ ಆ ಗೇಟಿಗೆ ಬೀಗ. ತಾಯಿಯ ಗೋರಿಯ ಮೇಲಿನ ಕಳೆ ಕೀಳಲೂ ಬಿಡಲಿಲ್ಲ. ದೊಡ್ಡಮ್ಮನಿಗೆ ಬೇಕಾಗಿದ್ದು ಒಂದೇ, ಆ ಗೋರಿಯ ಪಕ್ಕ ಆರಡಿ ಜಾಗ.

ಸೆಯಿಸೊ ಕೆಟ್ಟವನಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. ಇದು ಕೆಲಸಕ್ಕೆ ಬರುವುದಿಲ್ಲ, ಆದರೆ ಒಂದು ದಾರಿಯಿದೆ ಎಂದ.

"ಅಜ್ಜಿ, ಮೂವತ್ತಾರರಲ್ಲಿ ನಿಮ್ಮನ್ನ ಓಡಿಸಿದ್ರಲ್ಲ, ಅದು ಕಾನೂನಿಗೆ ಬರುತ್ತೆ. ಎಂಟನೇ ಕಾಲಂನಲ್ಲಿ, ಯಾವ ಹಕ್ಕಿಂದ ಅಲ್ಲಿದ್ರಿ ಅಂತ ಇದೆ. ತಲೆತಲಾಂತರದಿಂದ ಆಳುಗಳು ಅಂತ ಬರೀರಿ. ಒಡೆಯರು ಅಂತ ಮಾತ್ರ ಬರೀಬೇಡಿ, ಅರ್ಜಿ ಬಿದ್ದೋಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಕೇಪ್ ವಸಾಹತಿನ ಬಿಳಿಯರು ಆ ನೆಲದ ಮೂಲನಿವಾಸಿಗಳಾದ ಖೋಯಿ ಹೆಂಗಸರಲ್ಲಿ ಮಕ್ಕಳನ್ನು ಹುಟ್ಟಿಸಿ, ಆ ಮಕ್ಕಳಿಗೇ ಹಾದರಕ್ಕೆ ಹುಟ್ಟಿದವರು ಎಂದು ಹೆಸರಿಟ್ಟರು. 1813ರಲ್ಲಿ ಪಾದ್ರಿಯೊಬ್ಬ ಬಂದು ಆ ಹೆಸರು ಅಸಹ್ಯ, ಬದಲಾಯಿಸಿಕೊಳ್ಳಿ ಎಂದ. ಹಿರಿಯರು ಕೂತು, ಹಳೆಯದೊಂದು ಖೋಯಿ ಕುಲದ ನೆನಪಿನಿಂದ ಗ್ರೀಕ್ವಾ ಎಂಬ ಹೆಸರು ಎತ್ತಿಕೊಂಡರು. ನಾನು ಹುಟ್ಟಿದ ವರ್ಷ ಮತ್ತೊಂದು ಕಾನೂನು ಬಂದು ಅದನ್ನೂ ಅಳಿಸಿ, 'ಬಣ್ಣದವರು' ಎಂಬ ರಾಶಿಗೆ ನಮ್ಮನ್ನು ಸುರಿಯಿತು. ನಾವು ಯಾರು ಎಂದು ಯಾವಾಗಲೂ ಬರೆದವರು ಬೇರೆಯವರೇ. ಈಗ, ನಮ್ಮದೇ ಓಟಿನಿಂದ ಬಂದ ಸರ್ಕಾರದ ಕಾಲದಲ್ಲಿ, ಪೆನ್ನು ನನ್ನ ಕೈಗೇ ಕೊಟ್ಟು ಸಾರಜ್ಜಿಯನ್ನು ಆಳು ಎಂದು ಬರೆ ಅನ್ನುತ್ತಾರೆ.

ನಾನು ಬರೆಯುವುದಿಲ್ಲ ಎಂದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ. ದೊಡ್ಡಮ್ಮ ನನ್ನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

"ಬರಿಯೇ ಲೇನಿ. ನೀನು ಬರೆದ್ರೆ ನಮ್ಮಜ್ಜಿ ಆಳಾಗಿಬಿಡ್ತಾಳಾ? ತಾನು ಯಾರೂಂತ ಅವಳಿಗೆ ಗೊತ್ತು. ನಿನ್ನ ಇತಿಹಾಸ ಇಸ್ಕೂಲಲ್ಲಿ ಇಟ್ಕೋ. ನಂಗೆ ನಮ್ಮವ್ವನ ಪಕ್ಕ ಮಲಗ್ಬೇಕು."

ಆಳು ಎಂದು ಅವಳೇ ಬಾಯಿಬಿಟ್ಟು ಹೇಳಿ ಬರೆಸಿದಳು. ಹೇಳುವ ಮೊದಲು ಚರ್ಚಿನ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ತಲೆ ಬಗ್ಗಿಸಿ, ಎಂಟನೆಯ ಕಾಲಂನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: ಒಡತಿ, 1868ರಿಂದ, 1884ರಲ್ಲಿ ಮೋಸದಿಂದ ಕಿತ್ತುಕೊಳ್ಳಲಾಯಿತು.

ದೊಡ್ಡಮ್ಮನಿಗೆ ಓದಲು ಬಾರದು. ಆಳುಗಳ ಮಕ್ಕಳಿಗೆ ಆ ತೋಟದಲ್ಲಿ ಶಾಲೆ ಇರಲಿಲ್ಲ. ನಾನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಸಾಲು ಬಾಗಿಲಾಚೆ ಬೆಳೆದಿತ್ತು, ಮಧ್ಯಾಹ್ನಕ್ಕೆ ಕಚೇರಿ ಮುಚ್ಚುವುದಿತ್ತು. ಸೆಯಿಸೊ ಓದದೆಯೇ ಮುದ್ರೆ ಹೊಡೆದ. ಹೊರಗೆ ಬಂದು ಮೆಟ್ಟಿಲ ಮೇಲೆ ರೊಟ್ಟಿ ತಿಂದೆವು. ನನಗೆ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನೂರು ವರ್ಷದಲ್ಲಿ ಒಂದು ಸರ್ಕಾರಿ ಕಾಗದದಲ್ಲಾದರೂ ನಿಜ ಬರೆದೆ ಅನ್ನಿಸಿತ್ತು.

ಉತ್ತರ ಬರಲು ಹದಿನಾರು ತಿಂಗಳು ಹಿಡಿಯಿತು. ಅಷ್ಟು ದಿನವೂ ದೊಡ್ಡಮ್ಮ ಅಂಚೆಯವನಿಗೆ ಕಾಫಿ ಮಾಡಿಕೊಟ್ಟಳು. ಅರ್ಜಿದಾರರೇ ತಿಳಿಸಿರುವಂತೆ ಒಡೆತನ 1884ರಲ್ಲೇ ಹೋಗಿರುವುದರಿಂದ ಅರ್ಜಿ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಕಾಗದದಲ್ಲಿತ್ತು. ನಾನು ಅದನ್ನು ಓದಿ ಹೇಳಲಿಲ್ಲ. ಕೊಡುವುದಿಲ್ಲವಂತೆ ಎಂದೆ, ಅಷ್ಟೆ.

ದೊಡ್ಡಮ್ಮ ನನ್ನ ಕಡೆ ತಿರುಗಿದಳು.

"ಆಳು ಅಂತ ಬರ್ಸಿದ್ರೂ ಕೊಡ್ಲಿಲ್ವಾ? ಹಂಗಾದ್ರೆ ನಮ್ಮಜ್ಜಿ ಮಾನ ನಾನು ಸುಮ್‌ಸುಮ್ನೆ ಕಳೆದ್ನಲ್ಲೇ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಶಾಲೆಯಲ್ಲಿ, ಚರ್ಚಿನಲ್ಲಿ, ಕಚೇರಿಯಲ್ಲಿ ಗಂಟಲು ಹರಿಯುವಂತೆ ಕೂಗುವ ನನ್ನ ಈ ಬಾಯಿಗೆ ಆಗ ಏನಾಗಿತ್ತೋ, ಇವತ್ತಿಗೂ ನನ್ನ ಮೇಲೆ ನನಗೆ ಬರುವ ಸಿಟ್ಟು ಬೇರೆ ಯಾರ ಮೇಲೂ ಬರುವುದಿಲ್ಲ.

ನಮ್ಮ ಕಡೆ ಜುಲೈ ಎಂದರೆ ಚಳಿಗಾಲ; ಆ ಚಳಿಗೆ ಅವಳು ಹಾಸಿಗೆ ಹಿಡಿದಳು. ಊರ ಸ್ಮಶಾನದಲ್ಲಿ, ಗೊತ್ತಿಲ್ಲದವರ ನಡುವೆ ಮಣ್ಣು ಮಾಡಿದೆವು. ಕೊನೆಯ ವಾರವಿಡೀ ಜ್ವರದಲ್ಲಿ ಅವಳು ಸಾರಜ್ಜಿಯ ಹತ್ತಿರ ತಪ್ಪಾಯ್ತು, ತಪ್ಪಾಯ್ತು ಎಂದು ಬೇಡಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಅವಳ ಹಣೆ ಒರೆಸುತ್ತಿದ್ದೆ.