ಟೇಲ್ ಎಂಡಿನ ಗೇಜು

ಲಾಡ್ಲೇಸಾಬನ ಗ್ಯಾರೇಜಿನಲ್ಲಿ ನನಗೊಂದು ಕುರ್ಚಿ ಇದೆ. ಕಾಲುವೆಯ ಲಷ್ಕರ್ ಕೆಲಸದಿಂದ ನಿವೃತ್ತನಾದ ಮೇಲೆ ದಿನಾ ಹತ್ತು ಗಂಟೆಗೆ ಶಹಾಪುರದ ಸುರಪುರ ರಸ್ತೆಯ ಆ ಗ್ಯಾರೇಜಿಗೆ ಹೋಗಿ ಅದರಲ್ಲಿ ಕೂಡುತ್ತೇನೆ. ಲಷ್ಕರ್ ಎಂದರೆ ಗೇಟು ತಿರುಗಿಸುವವನು, ಗೇಜಿನಲ್ಲಿ ನೀರಿನ ಎತ್ತರ ನೋಡಿ ಪುಸ್ತಕದಲ್ಲಿ ಬರೆಯುವವನು. ಮೂವತ್ತೊಂದು ವರ್ಷ ಅದನ್ನೇ ಮಾಡಿದ ನನಗೆ ಈಗ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದೇ ಕೆಲಸ. ಅದಕ್ಕೆ ಲಾಡ್ಲೇಸಾಬ ಚಹಾ ಕೂಡ ಕುಡಿಸುತ್ತಾನೆ.

ಮಲ್ಲಿಕಮ್ಮ ತನ್ನ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬಂದಳು. ನಮ್ಮೂರಿನ ಚಂದ್ರಾಮಪ್ಪನ ಮಗಳು, ಯಾದಗಿರಿಯ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಪಾಠ ಹೇಳುತ್ತಾಳೆ. ರಜೆ ಬಂದರೆ ಚೆನ್ನೈ ಹತ್ತಿರದ ಟ್ರ್ಯಾಕಿಗೆ ಹೋಗಿ ಕಾರು ಓಡಿಸುತ್ತಾಳೆ. ಕಾರು ಎಷ್ಟು ಗಿಡ್ಡ ಎಂದರೆ, ಅದರ ಕೆಳಗೆ ಬೆಕ್ಕು ಕೂಡ ವಿಚಾರ ಮಾಡಿಯೇ ಮಲಗಬೇಕು.

ಅದರ ಇಂಜಿನ್ ರೋಟರಿ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಡಬ್ಬಿಯೊಳಗೆ ಮೂರು ಮೂಲೆಯ ದಪ್ಪ ಕಬ್ಬಿಣ ತಿರುಗುತ್ತದೆ, ಅಷ್ಟೇ. ನಲವತ್ತು ವರ್ಷ ಪಂಪ್‌ಸೆಟ್ಟು, ಟ್ರ್ಯಾಕ್ಟರು ಬಿಚ್ಚಿದ ಲಾಡ್ಲೇಸಾಬ ಬಗ್ಗಿ ನೋಡಿಯೇ ನೋಡಿದ.

"ಏನ್ ಹುಡುಕಾಕತ್ತಿ?" ಎಂದೆ. "ಪಿಸ್ಟನ್ ಯಾರರ ಕದ್ದಾರ ಅಂತನಾ?"

"ನೀ ಸುಮ್ಮ ಚಹಾ ಕುಡಿ," ಎಂದ.

ಮಲ್ಲಿಕಮ್ಮ ನಕ್ಕು ತಿಳಿಸಿ ಹೇಳಿದಳು. "ಇದರಾಗ ಆಯಿಲ್ ಬರೇ ಸವೀಬಾರದಂತ ಅಲ್ಲ ಚಾಚಾ. ಒಳಗಿಂದ ಥಂಡ ಮಾಡೂದೂ ಅದೇ. ಮೊದಲಿನ ಇಂಜಿನ್ ನಾಕನೇ ಸುತ್ತಿಗೆ ಬೇರಿಂಗ್ ಸುಟ್ಟಕೊಂಡು ಕೂತುಬಿಡ್ತು. ಇದು ಎರಡನೇದು. ಮೂರನೇದು ಹೈದ್ರಾಬಾದಿನಾಗೂ ಸಿಗಂಗಿಲ್ಲ."

ಮುಂದಿನ ರವಿವಾರ ಆ ಟ್ರ್ಯಾಕಿನಲ್ಲಿ ಹತ್ತು ಸುತ್ತು ನಿಲ್ಲದೆ ಓಡಿಸಿ ತೋರಿಸಬೇಕಿತ್ತು. ತೋರಿಸಿದರೆ ಈ ವರ್ಷದ ರೇಸಿಗೆ ಸೇರಿಸಿಕೊಳ್ಳುತ್ತಾರೆ. ಇಂಜಿನ್ ಮತ್ತೆ ಕೂತರೆ ಅವಳ ಆರು ವರ್ಷದ ಆಸೆಯೂ ಅದರ ಜೊತೆಗೇ ಕೂರುತ್ತದೆ. ಇದನ್ನು ಅವಳು ನಗುತ್ತಲೇ ಹೇಳಿದರೂ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಿದ್ದಳು.

ಅವಳು ಎರಡು ಡಬ್ಬಿ ತಂದಿದ್ದಳು. ಒಂದರಲ್ಲಿ ಆಯಿಲ್ ತಂಪು ಮಾಡುವ ಎರಡು ಸಣ್ಣ ಕೂಲರ್. ಕಾರಿನ ಎರಡು ಮೂಲೆಗೆ ಒಂದೊಂದು, ನಡುವೆ ಉದ್ದದ ಸಣ್ಣ ಪೈಪು. ಇನ್ನೊಂದರಲ್ಲಿ ಒಂದೇ ದೊಡ್ಡ ಕೂಲರ್, ಗಿಡ್ಡ ದಪ್ಪ ಪೈಪು. ಅದನ್ನು ಕೂರಿಸಬೇಕಾದರೆ ಮುಂದಿನ ಬಂಪರ್ ಕೊಯ್ಯಬೇಕು. ಯಾವುದು ಎಂದು ಅವಳಿಗೂ ನಿರ್ಧಾರವಾಗಿರಲಿಲ್ಲ.

"ಎರಡಿದ್ದರ ಛಲೋ," ಎಂದ ಲಾಡ್ಲೇಸಾಬ. "ಒಂದಕಿಂತ ಎರಡು ಯಾವಾಗಲೂ ಛಲೋ."

"ಹಂಗಾದ್ರ ನಾಳಿ ಎರಡು ಚಷ್ಮಾ ಹಾಕ್ಕೊಂಡು ಬಾ," ಎಂದೆ.

ಎರಡು ದಿನದಲ್ಲಿ ಆ ಎರಡು ಸಣ್ಣ ಕೂಲರ್ ಕೂರಿಸಿದ. ಆಯಿಲಿನ ಒತ್ತಡ ತೋರಿಸುವ ಗೇಜನ್ನು ಆಯಿಲ್ ತಳ್ಳುವ ಪಂಪಿನ ಬಾಯಲ್ಲೇ, ಕೂಲರಿಗಿಂತ ಮೊದಲೇ, ಸಿಕ್ಕಿಸಿದ. ಅಲ್ಲಿ ತೂತು ತಯಾರಿತ್ತು. ಇಂಜಿನ್ ಬಿಸಿಯಾದ ಮೇಲೆ ಮಲ್ಲಿಕಮ್ಮ ಜೋರಾಗಿ ರೇಸ್ ಮಾಡಿದಳು. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು.

"ಮೊದಲ ಅರವತ್ತು ದಾಟತಿದ್ದಿಲ್ಲ ಚಾಚಾ," ಎಂದಳು. ಲಾಡ್ಲೇಸಾಬ ನನ್ನ ಕಡೆ ಹುಬ್ಬು ಹಾರಿಸಿದ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಮುಳ್ಳಿನ ಗುರುತು ನನಗೆ ಚೆನ್ನಾಗಿಯೇ ಇತ್ತು.

ನಮ್ಮ ಉಪಕಾಲುವೆಗೆ ಎರಡು ಗೇಜು, ಅಂದರೆ ಅಡಿಯ ಅಂಕಿ ಬರೆದು ನೀರಿನಲ್ಲಿ ನಿಲ್ಲಿಸಿದ ಕಲ್ಲು. ಒಂದು ಗೇಟಿನ ಪಕ್ಕ, ಇನ್ನೊಂದು ಹನ್ನೊಂದು ಕಿಲೋಮೀಟರ್ ಆಚೆ, ಕಾಲುವೆ ಮುಗಿಯುವ ಟೇಲ್ ಎಂಡಿನಲ್ಲಿ. ದಿನಾ ಎರಡನ್ನೂ ನೋಡಿ ಬರೆಯಬೇಕೆಂಬುದು ಕಾಯಿದೆ. ಹೊಸ ಸೈಕಲ್ಲಿನ ಮೇಲೆ ಒಂದು ತಿಂಗಳು ಹೋದೆ. ಆಮೇಲೆ ಗೇಟಿನ ಕಟ್ಟೆಯ ಮೇಲೆ ಕೂತೇ ಬರೆದೆ. ಇಲ್ಲಿ ನಾಲ್ಕಡಿ, ಹಾಗಾದರೆ ಅಲ್ಲಿ ಎರಡೂವರೆ. ಕಾಲುವೆಯಲ್ಲಿ ಜೊಂಡು ಬೆಳೆಯಿತು. ಜೊಂಡು ಕಟ್ಟಿಕೊಂಡರೆ ನೀರು ಮುಂದೆ ಹೋಗದೆ ಗೇಟಿನ ಹತ್ತಿರವೇ ಏರುತ್ತದೆ. ಇಲ್ಲಿ ಏರಿತು, ನನ್ನ ಪುಸ್ತಕದಲ್ಲಿ ಅಲ್ಲಿಯೂ ಏರಿತು. ಆ ಟೇಲ್ ಎಂಡಿನಲ್ಲಿ ಹೊಲ ಇದ್ದದ್ದು ಮಲ್ಲಿಕಮ್ಮನ ಅಪ್ಪ ಚಂದ್ರಾಮಪ್ಪನದು. ನೀರಿಲ್ಲವೆಂದು ಅವನು ದೂರು ಕೊಡಲು ಹೋದಾಗಲೆಲ್ಲ ನೀರಾವರಿ ಆಫೀಸಿನ ಸಾಹೇಬರು ನನ್ನ ಪುಸ್ತಕ ತೆಗೆದು ತೋರಿಸಿ ಕಳಿಸುತ್ತಿದ್ದರು.

ಸುಮ್ಮನಿದ್ದರೆ ನನ್ನ ಕುರ್ಚಿ, ಚಹಾ, ಮರ್ಯಾದೆ ಎಲ್ಲವೂ ಉಳಿಯುತ್ತಿದ್ದವು. ಅವಳ ಇಂಜಿನ್ ಮಾತ್ರ ಉಳಿಯುತ್ತಿರಲಿಲ್ಲ.

"ತಂಗಿ, ಆ ಗೇಜು ನಂಬಬ್ಯಾಡ," ಎಂದೆ. "ಪೈಪು ಸಣ್ಣದು, ಉದ್ದ ಬ್ಯಾರೆ. ಆಯಿಲ್ ಮುಂದ ಹೋಗಲಾರದಕ್ಕ ಇಲ್ಲಿ ಏರ್ಯದ. ಬೇರಿಂಗಿಗೆ ಹೋಗೂದು ಎಷ್ಟಂತ ಅಲ್ಲೇ ನೋಡಬೇಕು."

"ಗೇಟು ತಿರುಗಿಸಿದವನಿಗೆ ಇಂಜಿನ್ ಏನ್ ತಿಳೀತದೋ?" ಎಂದ ಲಾಡ್ಲೇಸಾಬ.

"ಇಂಜಿನ್ ತಿಳ್ಯಂಗಿಲ್ಲ. ಸುಳ್ಳು ಗೇಜು ತಿಳೀತದ."

ಹೇಳಿಬಿಟ್ಟೆ, ಸೈಕಲ್ಲಿನಿಂದ ಹಿಡಿದು ಪುಸ್ತಕದವರೆಗೆ. ಎರಡು ನಿಮಿಷವೂ ಹಿಡಿಯಲಿಲ್ಲ. ನಾಚಿಕೆಯಿಂದ ನಾನು ನೆಲ ನೋಡುತ್ತಾ ಕೂತೆ. ಮಲ್ಲಿಕಮ್ಮ ಕೈ ಒರೆಸಿಕೊಂಡು, "ಚಾಚಾ, ಗೇಜು ತಗದು ಆಚಿ ಕಡಿ ಹಾಕ್ರಿ," ಎಂದಳು.

ಕೂಲರ್ ದಾಟಿ ಆಯಿಲ್ ಇಂಜಿನ್ನಿನೊಳಗೆ ಹೋಗುವ ಕಡೆ ಗೇಜು ಹಾಕಿದರು. ಅಷ್ಟೇ ಜೋರಾಗಿ ರೇಸ್ ಮಾಡಿದಾಗ ಮುಳ್ಳು ಮೂವತ್ತು ದಾಟಲಿಲ್ಲ. ಲಾಡ್ಲೇಸಾಬ ಮುಳ್ಳನ್ನೇ ನೋಡಿ, ಬಂಪರ್ ಕೊಯ್ಯಲು ಕೂತ. ಮರುದಿನ ದೊಡ್ಡ ಕೂಲರು, ದಪ್ಪ ಪೈಪು ಕೂತ ಮೇಲೆ ಅದೇ ಜಾಗದಲ್ಲಿ ಅರವತ್ತೆಂಟು ತೋರಿಸಿತು.

"ನಾನೂ ಮೊದಲ ಇದನ್ನೇ ಅಂದಿದ್ದೆ," ಎಂದ ಲಾಡ್ಲೇಸಾಬ. ಅವತ್ತು ನಾನು ಅವನನ್ನು ಬಿಟ್ಟುಬಿಟ್ಟೆ.

ರವಿವಾರ ಸಂಜೆ ಅವನ ಫೋನಿಗೆ ಸುದ್ದಿ ಬಂತು. ಹತ್ತು ಸುತ್ತೂ ಮುಗಿದಿತ್ತು, ಅವಳನ್ನು ರೇಸಿಗೆ ಸೇರಿಸಿಕೊಂಡಿದ್ದರು. ಅವನು ಅಕ್ಕಪಕ್ಕದ ಅಂಗಡಿಗೆಲ್ಲ ಚಹಾ ಹೇಳಿದ. ನಾನು ಕುಡಿದೆ, ಆದರೆ ಅವಳು ಬಂದರೆ ಯಾವ ಮುಖ ತೋರಿಸಲಿ ಎಂಬ ಚಿಂತೆ ಹೋಗಲಿಲ್ಲ.

ನಾಲ್ಕನೆಯ ದಿನ ಕಾರು ಗ್ಯಾರೇಜಿನ ಮುಂದೆ ನಿಂತಿತು. ಮಲ್ಲಿಕಮ್ಮ ಪಕ್ಕದ ಬಾಗಿಲು ತೆಗೆದಳು.

"ಕೂಡ್ರಿ ಕಾಕಾ."

"ಎಲ್ಲಿಗೆವ್ವಾ?"

"ಗೇಜು ನೋಡಾಕ."

ಕುಳಿತೆ ಅನ್ನುವುದಕ್ಕಿಂತ ಮಲಗಿದೆ ಅನ್ನಬೇಕು. ಊರು ದಾಟಿ, ನನ್ನ ಗೇಟು ದಾಟಿ, ಡಾಂಬರು ಹಾಕಿದ ಕಾಲುವೆ ರಸ್ತೆಯಲ್ಲಿ ಹೊರಟೆವು. ಮೊದಲು ಭತ್ತದ ಗದ್ದೆ, ಆಮೇಲೆ ಹತ್ತಿ, ತೊಗರಿ. ಗೇಟಿನಿಂದ ಟೇಲ್ ಎಂಡಿಗೆ ಹತ್ತು ನಿಮಿಷವೂ ಆಗಲಿಲ್ಲ.

"ಬಂದೇಬಿಟ್ವಾ?" ಎಂದೆ.

"ಇಷ್ಟೇ ದೂರ ಕಾಕಾ," ಎಂದಳು.

ಬದುವಿನ ಮೇಲೆ ಚಂದ್ರಾಮಪ್ಪ ಕೂತಿದ್ದ. ಮಗಳು ಎಲ್ಲ ಹೇಳಿದ್ದಳೆಂದು ಅವನ ಮುಖವೇ ಹೇಳುತ್ತಿತ್ತು. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ಬರ್ರಿ ಲಷ್ಕರ್ ಸಾಹೇಬ್ರ," ಎಂದ. "ತಡಾ ಆಯ್ತು. ಗೇಜು ಅಲ್ಲೇ ಅದ, ನೋಡ್ರಿ."

ಜೊಂಡು ಸರಿಸಿ ನೋಡಿದೆ. ಅರ್ಧ ಅಡಿಯವರೆಗೆ ಕಲ್ಲು ಪಾಚಿ ಹಿಡಿದು ಕಪ್ಪಾಗಿತ್ತು. ಅದರ ಮೇಲೆ ಒಂದು, ಎರಡು, ಮೂರು ಎಂಬ ಅಂಕಿಗಳು ನೀರೇ ಮುಟ್ಟದೆ, ಬಣ್ಣ ಸ್ವಲ್ಪವೂ ಸವೆಯದೆ ಬೆಳ್ಳಗಿದ್ದವು.

"ಎಷ್ಟದ?" ಎಂದು ಚಂದ್ರಾಮಪ್ಪ ಕೂಗಿ ಕೇಳಿದ. ಮಲ್ಲಿಕಮ್ಮ ಕಾರಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

"ಅರ್ಧ ಅಡಿ," ಎಂದೆ.

"ಕೇಳಸಲಿಲ್ಲ."

"ಅರ್ಧ ಅಡಿ ಚಂದ್ರಾಮಪ್ಪ," ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.