ಬಾವಿಯ ತಳದ ಕೆಸರು

ನಮ್ಮ ಮನೆಯಲ್ಲಿ ಈಜು ಬರದವರು ಯಾರೂ ಇಲ್ಲ. ಕಣಕಟ್ಟೆಯ ತೋಟದ ಬಾವಿಯಲ್ಲಿ ಮೂವರು ಮಕ್ಕಳಿಗೂ ನಾಲ್ವರು ಮೊಮ್ಮಕ್ಕಳಿಗೂ ಕಲಿಸಿದವನು ನಾನೇ, ಗಂಗಾಧರಪ್ಪ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಬೆನ್ನಿಗೆ ಕಟ್ಟಿ ನೀರಿಗೆ ಬಿಡುವುದು, ನಾಲ್ಕು ದಿನ ಬಿಟ್ಟು ಒಂದನ್ನು ಬಿಚ್ಚುವುದು, ವಾರಕ್ಕೆ ಇನ್ನೊಂದನ್ನು. ಕೊನೆಗೆ ಮುಳುಗು ಹಾಕಿ ತಳದಿಂದ ಒಂದು ಹಿಡಿ ಕೆಸರು ತಂದು ತೋರಿಸಿದರೆ ಪಾಸು. ಇಂಥದ್ದಕ್ಕೆ ಡಾಕ್ಟರ ಚೀಟಿ ಬೇಕು ಎಂದರೆ ಮೈ ಉರಿಯುವುದಿಲ್ಲವೇ?

ಬೇಕು ಎಂದವಳು ಸೊಸೆ ಸ್ವಾತಿ. ಅವಳ ಮಗಳು ಹೇಮಾಶ್ರೀಗೆ ಈಗ ಎಂಟು ವರ್ಷ. ಎರಡು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವು. ಆಪರೇಷನ್ ಮಾಡಿಸಿ ಕಿವಿಯೊಳಗೆ ಯಂತ್ರ ಕೂರಿಸಿದ್ದೇವೆ. ಅದರ ಹೊರಗಿನ ಭಾಗವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರೆ ಎಲ್ಲ ಕೇಳುತ್ತದೆ, ನನ್ನ ಮೇಲೆ ಜಗಳಕ್ಕೂ ಬರುತ್ತಾಳೆ. ಆದರೆ ಸಂಜೆ ಕರೆಂಟ್ ಹೋದರೆ ನಿಂತಲ್ಲೇ ಕೂತುಬಿಡುತ್ತಾಳೆ.

"ಪುಕ್ಕಲು ಕಣವ್ವ, ನೀರಿಗೆ ಬಿದ್ರೆ ಎಲ್ಲಾ ಸರಿಹೋಯ್ತದೆ. ಈ ಭಾನುವಾರ ಕಾಯಿ ಇಲ್ದೆ ಬಿಡ್ತೀನಿ" ಎಂದೆ.

"ಬೇಡ ಮಾವ. ಅರಸೀಕೆರೆಯಲ್ಲಿ ಕಿವಿ ಡಾಕ್ಟರು ಮಾಲಿನಿ ಮೇಡಂ ಪರೀಕ್ಷೆ ಮಾಡ್ಲಿ. ಅವರು ಹೂಂ ಅಂದ್ರೆ ಬಿಡಿ" ಎಂದು ಸ್ವಾತಿ ಅಡ್ಡ ನಿಂತಳು.

ನಾನು ಒಳಗೇ ನಕ್ಕೆ. ಅವಳಿಗೆ ಗೊತ್ತಿಲ್ಲದ ಗುಟ್ಟೊಂದು ನನ್ನ ಹತ್ತಿರವಿತ್ತು. ಹೋದ ಬೇಸಗೆಯಲ್ಲಿ ಅವಳು ಬೇಲೂರಿಗೆ, ತವರಿಗೆ ಹೋಗಿದ್ದಾಗಲೇ ಹೇಮಾ ಪಾಸಾಗಿದ್ದಳು. ಯಂತ್ರ ತೆಗೆದಿಟ್ಟು, ಎರಡನೆಯ ಕಾಯಿಯನ್ನೂ ಬಿಚ್ಚಿದ ದಿನ, ಹುಡುಗಿ ನೆಟ್ಟಗೆ ತಳಕ್ಕೇ ಹೋದಳು. ಮೇಲೆ ಬರುವುದು ತಡವಾಯಿತೆಂದು ನಾನೇ ಹಾರಿ ಜಡೆ ಹಿಡಿದು ಎಳೆದು ತಂದೆ. ನೋಡಿದರೆ ಎರಡೂ ಮುಷ್ಟಿಯಲ್ಲಿ ಕೆಸರು! ಮುಳುಗು ಹಾಕುವುದನ್ನು ಯಾರೂ ಹೇಳಿಕೊಡದೆ ಕಲಿತವಳು ನಮ್ಮ ವಂಶದಲ್ಲಿ ಇವಳೊಬ್ಬಳೇ ಎಂದು ಹೆಗಲ ಮೇಲೆ ಹೊತ್ತು ಕುಣಿದಿದ್ದೆ.

ಬುಧವಾರ ಮೂವರೂ ಬಸ್ಸು ಹತ್ತಿದೆವು. ಮಾಲಿನಿ ಮೇಡಂ ಮಗುವನ್ನು ಮೊದಲು ನೆಲದ ಮೇಲೆ ನಿಲ್ಲಿಸಿದರು. ನಿಂತಳು. ಗೆರೆಯ ಮೇಲೆ ನಡೆಸಿದರು. ನಡೆದಳು. ನಾನು ಸ್ವಾತಿಯ ಕಡೆ ಹುಬ್ಬು ಹಾರಿಸಿದೆ. ಆಮೇಲೆ ದಪ್ಪ ಸ್ಪಂಜಿನ ಮೇಲೆ ನಿಲ್ಲಿಸಿ ಕಣ್ಣಿಗೆ ಬಟ್ಟೆ ಕಟ್ಟಿದರು. ಎರಡು ಎಣಿಸುವಷ್ಟರಲ್ಲಿ ಹುಡುಗಿ ಉರುಳಿದಳು. ಮೇಡಂ ಹಿಡಿದುಕೊಂಡರು. ಮತ್ತೆ ನಿಲ್ಲಿಸಿದರೆ ಮತ್ತೆ ಬಿದ್ದಳು.

"ಆಟ ಆಡ್ತಾವ್ಳೆ ಮೇಡಂ. ಅದರ ಮೇಲೆ ಯಾರು ತಾನೇ ನಿಂತಾರು?" ಎಂದೆ.

"ನೀವೇ ನಿಂತು ನೋಡಿ ಯಜಮಾನ್ರೇ."

ಅರವತ್ತೆಂಟರ ಮುದುಕ ನಾನು ಪಂಚೆ ಎತ್ತಿಕಟ್ಟಿ ನಿಂತೆ. ಕಣ್ಣು ಕಟ್ಟಿದರು. ಓಲಾಡಿದೆ, ಬೀಳಲಿಲ್ಲ. ಮೂವತ್ತು ಎಣಿಸಿದ ಮೇಲೆ ಬಿಚ್ಚಿದರು. ಹೇಮಾ ಚಪ್ಪಾಳೆ ತಟ್ಟಿದಳು. ನನಗೆ ಯಾಕೋ ನಗು ಬರಲಿಲ್ಲ.

ಮೇಡಂ ಕೂತು ಹೇಳಿದರು: "ಕಿವಿಯೊಳಗೆ ಕೇಳಿಸೋ ಭಾಗದ ಪಕ್ಕದಲ್ಲೇ, ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಸೋ ಭಾಗ ಇರುತ್ತೆ. ಜ್ವರದಲ್ಲಿ ಇವಳಿಗೆ ಅದೂ ಹೋಗಿದೆ. ಯಂತ್ರ ಕೇಳಿಸುತ್ತೆ ಅಷ್ಟೆ, ಅದನ್ನ ವಾಪಸ್ ಕೊಡಲ್ಲ. ಬೆಳಕಲ್ಲಿ, ಗಟ್ಟಿ ನೆಲದ ಮೇಲೆ ಕಣ್ಣು ಕಾಲು ನಂಬಿ ನಡೀತಾಳೆ. ಕತ್ತಲಲ್ಲಿ ಕೂತ್ಕೊಳ್ಳೋದು ಪುಕ್ಕಲು ಅಲ್ಲ, ಜಾಣತನ. ಇವಳನ್ನ ಯಾವತ್ತಾದ್ರೂ ನೀರಿಗೆ ಇಳಿಸಿದ್ದೀರಾ?"

"ಕಾಯಿ ಕಟ್ಟಿ ಮಾತ್ರ" ಎಂದಳು ಸ್ವಾತಿ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಕಾಯಿ ಇಲ್ಲದೆ ಬಿಡುತ್ತೇನೆಂದಿದ್ದ ಬರುವ ಭಾನುವಾರ ಕಣ್ಣ ಮುಂದೆ ಬಂತು. ಎಲ್ಲವನ್ನೂ ಹೇಳಿದೆ. ಸ್ವಾತಿಯ ಮುಖ ಬಿಳಿಚಿಕೊಂಡಿತು. ಆದರೂ ನನ್ನ ಹಾಳು ಹಟ ಬಿಡಬೇಕಲ್ಲ!

"ತಳ ಮುಟ್ಟಿ ಕೆಸರು ತಂದವ್ಳೆ ಮೇಡಂ. ಈಜು ಬರದೋರು ತಂದಾರಾ?"

ಮೇಡಂ ಮಗುವಿನ ಕಡೆ ತಿರುಗಿ ನಿಧಾನವಾಗಿ ಕೇಳಿದರು: "ಕೆಸರು ತರೋಕೆ ಹೋಗಿದ್ಯಾ ಪುಟ್ಟಿ?"

ಹೇಮಾ ನನ್ನನ್ನೇ ನೋಡಿದಳು. ತಲೆ ಅಲ್ಲಾಡಿಸಿದಳು.

"ನಾನು ಮೇಲಕ್ಕೆ ಬರ್ತಿದ್ದೆ. ಜೋರಾಗಿ ಕೈ ಬಡಿದು ಮೇಲಕ್ಕೇ ಬರ್ತಿದ್ದೆ. ಕೆಸರು ಸಿಕ್ತು."

ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನನ್ ತಾಯಿ?"

"ನೀನು ಹೊತ್ಕೊಂಡು ಕುಣೀತಿದ್ಯಲ್ಲ ತಾತ" ಎಂದಳು.